15 ದಿನಕ್ಕೊಮ್ಮೆ ಅರ್ಧ ಗಂಟೆ

ಹುಬ್ಬಳ್ಳಿಯ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರೋ ಒಂದು ವಾಲ್ವ್ ಫ್ಯಾಕ್ಟರಿಯಲ್ಲಿ ನಾನು ಮಷಿನ್ ಶಾಪ್ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ 8 ಜನ. ಮೂರು ವರ್ಷದ ಹಿಂದೆ ನಮ್ಮ ಒಳ್ಳೆಯ ಲೇಥ್ ಆಪರೇಟರ್ ಒಬ್ಬ ಕೆಲಸ ಬಿಟ್ಟ. ಸಂಬಳ ಸಾಲದೇನೋ ಅಂದುಕೊಂಡು ಕೇಳಿದೆ. "ಇಲ್ರಿ ಸರ್ರ, ಸಿಎನ್‌ಸಿ ಪ್ರೋಗ್ರಾಮಿಂಗ್ (ಕಂಪ್ಯೂಟರ್‌ನಿಂದ ಮಷಿನ್ ನಡೆಸೋದು) ಕಲೀಬೇಕಂತ ಭಾಳ ಆಸೆ ಇತ್ರಿ. ಯಾರ್ನ ಕೇಳ್ಬೇಕು ತಿಳೀಲಿಲ್ರಿ" ಅಂದ. ದಿನಾ ಅವನ ಮಷಿನ್ ಪಕ್ಕದಲ್ಲೇ ಓಡಾಡುತ್ತಿದ್ದವನು ನಾನು. ಆ ಮಾತು ಬಹಳ ದಿನ ಕಾಡಿತು.

ಅಲ್ಲಿಂದ 15 ದಿನಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂರಲು ಶುರು ಮಾಡಿದೆ. ಮೊದಲು ಏನೂ ಆಗಲಿಲ್ಲ. ಕ್ಯಾಬಿನ್ನಿಗೆ ಬಂದು "ಎಲ್ಲಾ ಆರಾಮ ಐತ್ರಿ" ಅಂದು ಎದ್ದು ಹೋಗುತ್ತಿದ್ದರು. ನಾನು ಕೇಳುತ್ತಿದ್ದದ್ದೂ ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು ಅಂತಲೇ. ಅದೆಲ್ಲ ರಿಜಿಸ್ಟರ್‌ನಲ್ಲೇ ಇರುತ್ತೆ ಅಲ್ವಾ?

1987ರಿಂದ 1998ರವರೆಗೆ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ ನಡೆಸಿದ ಆ್ಯಂಡಿ ಗ್ರೋವ್ ಇಂಥ ಭೇಟಿಗಳ ಬಗ್ಗೆ ಬರೆದಿದ್ದರು: ಈ ಭೇಟಿ ಕೈಕೆಳಗಿನವರದ್ದು, ಏನು ಮಾತಾಡಬೇಕು ಅಂತ ಅವರೇ ಯೋಚಿಸಿಕೊಂಡು ಬರಬೇಕು, ಕೆಲಸಕ್ಕೆ ಹೊಸಬರ ಜೊತೆ ಜಾಸ್ತಿ ಸಲ ಕೂರಬೇಕು. ಅದನ್ನು ಓದಿದ ಮೇಲೆ ಕ್ಯಾಬಿನ್ ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ಚಹಾ ತರಿಸಿ ಕೂತೆವು. ಹೊಸ ಹುಡುಗರು ಇಬ್ಬರಿಗೆ ವಾರಕ್ಕೊಮ್ಮೆ ಅಂತ ಮಾಡಿದೆ.

ಸೆಕೆಂಡ್ ಶಿಫ್ಟಿನ ಕೊನೆಯ ಪೀಸುಗಳೇ ಯಾಕೆ ಸೈಜ್ ತಪ್ಪುತ್ತವೆ ಅಂತ ತಿಂಗಳುಗಟ್ಟಲೆ ಟೂಲು, ಇನ್ಸರ್ಟು ಎಲ್ಲ ಬದಲಿಸಿ ನೋಡಿದ್ದೆ. ಉತ್ತರ ಆ ಮರದ ಕೆಳಗೆ ಸಿಕ್ಕಿತು. ನವಲಗುಂದ ಕಡೆಯ ಹುಡುಗ ನಾಲ್ಕನೇ ಸಲ ಕೂತಾಗ, ಬಹಳ ಹೊತ್ತು ಸುಮ್ನೆ ಇದ್ದು, ಶಿಫ್ಟ್ ಮುಗಿಯೋ ಹೊತ್ತಿಗೆ ತನ್ನ ಊರಿನ ಕೊನೇ ಬಸ್ ಹೋಗಿಬಿಡುತ್ತೆ, ಅದಕ್ಕೇ ಮೈಕ್ರೋಮೀಟರ್ ಹಿಡಿದು ಅಳತೆ ನೋಡದೆ ಗಡಿಬಿಡಿಯಲ್ಲಿ ಮುಗಿಸುತ್ತೇನೆ ಅಂತ ಹೇಳಿದ. ಮನೆಯಲ್ಲಿ ತಾಯಿ ಒಬ್ಬರೇ ಇರ್ತಾರಂತೆ. ಮರುವಾರದಿಂದ ಅವನನ್ನು ಫಸ್ಟ್ ಶಿಫ್ಟಿಗೆ ಹಾಕಿದೆ, ರಿಜೆಕ್ಷನ್ ನಿಂತಿತು. ಅವನನ್ನು ಸೋಮಾರಿ ಅಂತ ಬೈದದ್ದಕ್ಕೆ ಕ್ಷಮೆಯನ್ನೂ ಕೇಳಿದೆ.

ಒಬ್ಬೊಬ್ಬರಿಗೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಇಟ್ಟಿದ್ದೇನೆ. ಹಿಂದಿನ ಸಲ ನಾನು ಒಪ್ಪಿಕೊಂಡದ್ದು ಏನಾಯಿತು ಅನ್ನೋದನ್ನು ಮೊದಲು ನಾನೇ ಹೇಳುತ್ತೇನೆ. ಇಷ್ಟೆಲ್ಲಾ ಸೇರಿ ಎರಡು ವಾರದ 96 ಗಂಟೆಯಲ್ಲಿ 5 ಗಂಟೆ ಹೋಗುತ್ತೆ.

ಒಮ್ಮೆ ಮಾರ್ಚ್‌ನಲ್ಲಿ ಡಿಸ್ಪ್ಯಾಚ್ ಜಾಸ್ತಿ ಅಂತ ಎರಡು ಸಲ ತಪ್ಪಿಸಿದೆ. ಏಪ್ರಿಲ್‌ನಲ್ಲಿ ಕೂತರೆ ಮತ್ತೆ ಅದೇ "ಆರಾಮ ಐತ್ರಿ". ಈಗ ದಿನ ಬದಲಾದರೂ ಅದೇ ವಾರದೊಳಗೆ ಕೂರುತ್ತೇನೆ.