ಸರ್ವರ್‌ನಲ್ಲಿ ಪ್ರಿಂಟ್ ಸ್ಪೂಲರ್ ಪದೇ ಪದೇ ನಿಲ್ಲುತ್ತಿದೆಯಾ?

ಕಲಬುರಗಿಯ ಡಿಟಿಪಿ ಅಂಗಡಿ, ಕಾಲೇಜು ಆಫೀಸ್ ನೋಡಿಕೊಳ್ಳುವ ಗೆಳೆಯರಿಗೆ ಈ ಸಲಹೆ. ವಿಂಡೋಸ್ ಸರ್ವರ್‌ನಲ್ಲಿ ಸ್ಪೂಲರ್ (ಪ್ರಿಂಟ್ ಕೆಲಸಗಳನ್ನು ಸಾಲಾಗಿ ಪ್ರಿಂಟರ್‌ಗೆ ಕಳಿಸುವ ಸರ್ವಿಸ್) ಬಿದ್ದರೆ ಸರ್ವರ್‌ಗೆ ಸೇರಿದ ಎಲ್ಲ ಪ್ರಿಂಟರ್‌ಗಳೂ ಒಟ್ಟಿಗೆ ನಿಲ್ಲುತ್ತವೆ. ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕೂರಬೇಡಿ.

ಮೊದಲು ಕ್ಯೂ ಖಾಲಿ ಮಾಡಿ. ಬಾಕಿ ಇರುವ ಪ್ರಿಂಟ್‌ಗಳೆಲ್ಲ ಹೋಗುತ್ತವೆ, ಹಾಗಾಗಿ ಎಲ್ಲರಿಗೂ ಮುಂಚೆಯೇ ಹೇಳಿಬಿಡಿ. ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್ ಫೋಲ್ಡರ್ ದಾಟಿ ಪ್ರಿಂಟರ್ಸ್ ಫೋಲ್ಡರ್ ತೆರೆಯಿರಿ. ಒಳಗಿನ ಫೈಲ್‌ಗಳನ್ನಷ್ಟೇ ಅಳಿಸಿ. ಫೋಲ್ಡರ್ ಹಾಗೇ ಇರಲಿ, ಪಕ್ಕದ ಡ್ರೈವರ್ಸ್ ಫೋಲ್ಡರ್ ಮುಟ್ಟಲೇಬೇಡಿ. ಆಮೇಲೆ ಸ್ಪೂಲರ್ ಶುರು ಮಾಡಿ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಕೆಟ್ಟ ಫೈಲ್ ಇದ್ದರೆ ಇಷ್ಟಕ್ಕೇ ಸರಿಹೋಗುತ್ತದೆ.

ಮತ್ತೆ ಬಿತ್ತಾ? ಹಾಗಾದರೆ ಜಾಸ್ತಿ ಅನುಮಾನ ಡ್ರೈವರ್ (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಮೇಲೆ. ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ 1000 ನಂಬರಿನ ಎರರ್ ಹುಡುಕಿ. ಅದರಲ್ಲಿ 'ಫಾಲ್ಟಿಂಗ್ ಮಾಡ್ಯೂಲ್' ಎಂಬ ಸಾಲಿನಲ್ಲಿ ಒಂದು ಡಿಎಲ್‌ಎಲ್ ಫೈಲಿನ ಹೆಸರು ಇರುತ್ತದೆ. ಆ ಫೈಲಿನ ಪ್ರಾಪರ್ಟೀಸ್ ತೆರೆದರೆ ಯಾವ ಕಂಪನಿಯದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ಈ ಸಾಲು ನೋಡದೆ ಸರ್ವರ್ ಫಾರ್ಮ್ಯಾಟ್ ಮಾಡಲು ಹೊರಟರೆ ಒಂದು ದಿನ ವ್ಯರ್ಥ, ಅಲ್ವಾ?

ಆ ಪ್ರಿಂಟರ್‌ನ ಹಳೆಯ ಡ್ರೈವರನ್ನು ಪ್ಯಾಕೇಜ್ ಸಮೇತ ತೆಗೆದು ತಯಾರಕರ ಹೊಸ ಡ್ರೈವರ್ ಹಾಕಿ. ಹೊಸದು ಸಿಗದಿದ್ದರೆ ಪ್ರಿಂಟ್ ಮ್ಯಾನೇಜ್‌ಮೆಂಟ್‌ನಲ್ಲಿ ಆ ಡ್ರೈವರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಟ್ ಡ್ರೈವರ್ ಐಸೋಲೇಶನ್'ನಲ್ಲಿ 'ಐಸೋಲೇಟೆಡ್' ಆರಿಸಿ. ಸರ್ವರ್ 2008 ಆರ್2ರಿಂದ ಈ ಸೌಲಭ್ಯ ಇದೆ. ಡ್ರೈವರ್ ಇದಕ್ಕೆ ಒಪ್ಪಿದರೆ, ಅದು ಕೆಟ್ಟಾಗ ಬೇರೆ ಪ್ರಿಂಟರ್‌ಗಳ ಕೆಲಸ ನಡೆಯುತ್ತಲೇ ಇರುತ್ತದೆ.