ರಾಕೆಟ್ ಎಂಜಿನ್ ಪ್ರಿಂಟ್ ಆದ ಮೇಲೆ ಶುರುವಾಗುವ ಕೆಲಸ

ಖಾಸಗಿ ರಾಕೆಟ್ ಕಂಪನಿಗಳ ಸುದ್ದಿ ಬಂದಾಗಲೆಲ್ಲ "ಎಂಜಿನ್ನನ್ನೇ 3ಡಿ ಪ್ರಿಂಟ್ ಮಾಡಿದ್ದಾರಂತೆ" ಅನ್ನೋ ಸಾಲು ಇದ್ದೇ ಇರುತ್ತದೆ. ಓದಿದವರು ಬಟನ್ ಒತ್ತಿದರೆ ಸಾಕು, ಎಂಜಿನ್ ಹೊರಗೆ ಬರುತ್ತದೆ ಅಂದುಕೊಳ್ಳುತ್ತಾರೆ. ನಾನು ಪೀಣ್ಯದ ಒಂದು ಮೆಟಲ್ ಪ್ರಿಂಟಿಂಗ್ ಘಟಕದಲ್ಲಿದ್ದೇನೆ. ಉಪಗ್ರಹವನ್ನು ಕಕ್ಷೆಗೆ ಸೇರಿಸುವ ಹೊಸ ರಾಕೆಟ್ ಕಟ್ಟುತ್ತಿರುವ ಒಂದು ಕಂಪನಿಗೆ ಎಂಜಿನ್ ಭಾಗಗಳನ್ನು ಮಾಡಿಕೊಡುತ್ತೇವೆ. ಹೆಸರು ಹೇಳುವ ಹಾಗಿಲ್ಲ, ಕರಾರು ಇದೆ. ನನ್ನ ಪಾಲಿಗೆ ಬಂದಿರೋದು ಪ್ರಿಂಟ್ ಮುಗಿದ ಮೇಲಿನ ಕೆಲಸ. ಫೋಟೋ ತೆಗೆಯೋಕೆ ಅಲ್ಲಿ ಏನೂ ಇರೋದಿಲ್ಲ ಬಿಡಿ.

ಇದೇನೂ ಹೊಸ ವಿದ್ಯೆ ಅಲ್ಲ. ರಾಕೆಟ್ ಲ್ಯಾಬ್‌ನವರ ಎಲೆಕ್ಟ್ರಾನ್ ರಾಕೆಟ್ 2018ರಲ್ಲೇ ಪ್ರಿಂಟ್ ಮಾಡಿದ ಎಂಜಿನ್‌ಗಳಿಂದ ಕಕ್ಷೆ ಮುಟ್ಟಿತು. ನಮ್ಮಲ್ಲಿ ಚೆನ್ನೈನ ಅಗ್ನಿಕುಲ್ 2024ರ ಮೇ 30ರಂದು ಶ್ರೀಹರಿಕೋಟಾದಿಂದ ಒಂದೇ ತುಂಡಾಗಿ ಪ್ರಿಂಟ್ ಮಾಡಿದ ಎಂಜಿನ್ ಹಾರಿಸಿತು, ಆದರೆ ಅದು ಕಕ್ಷೆಗೆ ಹೋಗುವ ಹಾರಾಟ ಅಲ್ಲ. ಹೈದರಾಬಾದಿನ ಸ್ಕೈರೂಟ್ ತನ್ನ ವಿಕ್ರಮ್-1ರಲ್ಲಿ ಕೆಳಗಿನ ಮೂರು ಹಂತಕ್ಕೆ ಘನ ಇಂಧನ ಇಟ್ಟುಕೊಂಡು, ಮೇಲಿನ ಸಣ್ಣ ದ್ರವ ಎಂಜಿನ್‌ಗಳನ್ನು ಮಾತ್ರ ಪ್ರಿಂಟ್ ಮಾಡುತ್ತದೆ. ಜಾಣತನದ ಲೆಕ್ಕ ಅಂತ ನನಗನ್ನಿಸುತ್ತದೆ.

ನಾವು ಬಳಸೋದು ಇಂಕೊನೆಲ್ 718 ಅನ್ನೋ ನಿಕ್ಕಲ್ ಮಿಶ್ರಲೋಹದ ಪುಡಿ. ಒಂದೊಂದು ಕಣವೂ 15ರಿಂದ 45 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೆ ಲೇಸರ್ ಅದನ್ನು ಪದರ ಪದರವಾಗಿ ಕರಗಿಸುತ್ತಾ ಹೋಗುತ್ತದೆ. ಎಂಜಿನ್ನಿನ ಗೋಡೆಯೊಳಗೆ ಸುತ್ತಲೂ ಸಣ್ಣ ಸಣ್ಣ ಕಾಲುವೆಗಳಿರುತ್ತವೆ, ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಅಗಲ. ಉರಿಯೋಕೆ ಮುಂಚೆ ಇಂಧನ ಇವುಗಳಲ್ಲೇ ಹರಿದು ಗೋಡೆಯನ್ನು ತಂಪಾಗಿಡುತ್ತದೆ. ಒಳಗಿನ ಬೆಂಕಿ 3000 ಡಿಗ್ರಿ ದಾಟುತ್ತದೆ, ಲೋಹವೋ 1300ರ ಆಸುಪಾಸಿನಲ್ಲೇ ಕರಗುತ್ತದೆ. ಹಾಗಾಗಿ ಒಂದು ಕಾಲುವೆ ಕಟ್ಟಿಕೊಂಡರೂ ಆ ಜಾಗದಲ್ಲಿ ಗೋಡೆ ತೂತಾಯಿತು ಅಂತಲೇ ಲೆಕ್ಕ.

ಪ್ರಿಂಟ್ ಮುಗಿದಾಗ ಆ ಕಾಲುವೆಗಳ ತುಂಬ ಕರಗದ ಪುಡಿ ಇರುತ್ತದೆ. ಲೋಹವನ್ನು ಬಿಸಿ ಮಾಡಿ ಹದಗೊಳಿಸುವ ಫರ್ನೇಸಿಗೆ ಹಾಕೋ ಮುಂಚೆ ಅಷ್ಟನ್ನೂ ತೆಗೆಯಲೇಬೇಕು, ಇಲ್ಲದಿದ್ದರೆ ಆ ಬಿಸಿಗೆ ಅದು ಒಳಗೇ ಗಟ್ಟಿಯಾಗಿ ಕೂತುಬಿಡುತ್ತದೆ, ಆಮೇಲೆ ಯಾವ ದೇವರೂ ತೆಗೆಯಲಾರ. ಪ್ರಿಂಟ್ ಆಗಿ ಅಂಟಿಕೊಂಡಿರುವ ಪ್ಲೇಟ್ ಸಮೇತ ಎಂಜಿನ್ನನ್ನು ತಿರುಗುವ ಚೌಕಟ್ಟಿಗೆ ಬಿಗಿದು, ವೈಬ್ರೇಟರ್ ಹಚ್ಚಿ, ಉಲ್ಟಾ ಸೀದಾ ಮಾಡುತ್ತಾ ಇರುತ್ತೇವೆ. ಮೊದಲು ಮರಳಿನ ಹಾಗೆ ಸುರಿಯುತ್ತದೆ, ಆಮೇಲೆ ಎಳೆಯಷ್ಟು, ಆಮೇಲೆ ಏನೂ ಇಲ್ಲ. ಏನೂ ಬರುತ್ತಿಲ್ಲ ಅಂದರೆ ಖಾಲಿಯಾಗಿದೆ ಅಂತ ಅರ್ಥ ಅಲ್ಲ! ಒಂದು ತಿರುವಿನಲ್ಲಿ ಗಂಟು ಕಟ್ಟಿಕೊಂಡಿರಬಹುದು. ಪುಡಿಗೆ ತೇವ ತಗುಲಿದ್ದರೆ ಈ ಕಾಟ ಇನ್ನೂ ಜಾಸ್ತಿ.

ಅದಕ್ಕೇ ತೂಕ ನೋಡುತ್ತೇವೆ. ಡ್ರಾಯಿಂಗ್ ಪ್ರಕಾರ ಇರಬೇಕಾದ ತೂಕಕ್ಕಿಂತ ಜಾಸ್ತಿ ಬಂದರೆ ಅನುಮಾನ. ಆಮೇಲೆ ಸಿಟಿ ಸ್ಕ್ಯಾನ್, ಆಸ್ಪತ್ರೆಯದ್ದಕ್ಕಿಂತ ಎಷ್ಟೋ ಜೋರಿನ ಎಕ್ಸ್‌ರೇ. ಫರ್ನೇಸ್, ಎಂಜಿನ್ನನ್ನು ಪ್ಲೇಟಿನಿಂದ ಬಿಡಿಸುವ ವೈರ್ ಕಟ್ ಎಲ್ಲ ಮುಗಿದ ಮೇಲೆ ನೀರು ಹರಿಸಿ ಒತ್ತಡ ಎಷ್ಟು ಇಳಿಯುತ್ತದೆ ಅಂತ ಅಳೆಯುತ್ತೇವೆ, ಜಾಸ್ತಿ ಇಳಿದರೆ ಒಳಗೆಲ್ಲೋ ಕಟ್ಟಿಕೊಂಡಿದೆ ಅಂತ. ಪುಡಿಯ ಬ್ಯಾಚ್ ನಂಬರಿನಿಂದ ಹಿಡಿದು ಫರ್ನೇಸ್ ಚಾರ್ಟ್‌ವರೆಗೆ ಎಲ್ಲವೂ ಫೈಲಿಗೆ ಹೋಗಬೇಕು. ಉಡಾವಣೆ ಮುಂದಕ್ಕೆ ಹೋಯಿತು ಅಂತ ಜನ ಗೇಲಿ ಮಾಡುವಾಗ ನನಗೆ ಈ ಫೈಲೇ ಕಣ್ಣಮುಂದೆ ಬರುತ್ತದೆ. ಪ್ರಿಂಟ್‌ಗೆ ಹಿಡಿಯುವ ಹೊತ್ತು ಇದರ ಮುಂದೆ ಏನೂ ಅಲ್ಲ.

ಇಷ್ಟಾದ ಮೇಲೆ ಒಂದು ಬದಲಾವಣೆ ಆಯಿತು. ಮೊದಲು ಆ ರಾಕೆಟ್ ಕಂಪನಿಯವರು ಡ್ರಾಯಿಂಗ್ ಕಳಿಸುತ್ತಿದ್ದರು, ನಾವು ಮಾಡುತ್ತಿದ್ದೆವು, ಅಷ್ಟೆ. ಈಗ ಅವರ ಡಿಸೈನ್ ಹುಡುಗರು ನಮ್ಮಲ್ಲಿಗೇ ಬಂದು ವೈಬ್ರೇಟರ್ ಪಕ್ಕ ನಿಂತು ನೋಡುತ್ತಾರೆ. ಹೊಸ ಡ್ರಾಯಿಂಗಿನಲ್ಲಿ ಕಾಲುವೆಯ ಚೂಪಾದ ತಿರುವುಗಳು ದುಂಡಗಾಗಿವೆ, ಪುಡಿ ಹೊರಬರಲು ಅಂತಲೇ ತೂತುಗಳಿವೆ. ಅವನ್ನು ಆಮೇಲೆ ವೆಲ್ಡ್ ಮಾಡಿ ಮುಚ್ಚಬೇಕು. ಆ ವೆಲ್ಡಿಂಗಿಗೆ ಬೇರೆ ಪರೀಕ್ಷೆ, ಬೇರೆ ಫೈಲು.