ತುಕ್ಕು ಹಿಡಿದ ಬೀಡಿನ ಬರ್ನರಿಗೆ ಕುಸುಬೆ ಎಣ್ಣೆಯ ಲೇಪ

ಬೆಳಗಾವಿಯ ಮಳೆಗಾಲ ಕಳೆದು ಮದುವೆಯ ಅಡುಗೆಗೆಂದು ಬೀಡು ಕಬ್ಬಿಣದ ದೊಡ್ಡ ಗ್ಯಾಸ್ ಬರ್ನರನ್ನು ಹೊರತೆಗೆದಾಗ, ಮುಟ್ಟಿದ ಕೈಗೆಲ್ಲ ಕೆಂಪು ಹುಡಿ ಅಂಟುತ್ತದೆ. ಅಷ್ಟಕ್ಕೇ ಅದನ್ನು ಗುಜರಿಗೆ ಹಾಕುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೀಡು ದಪ್ಪವಾಗಿರುವುದರಿಂದ ತುಕ್ಕು ಬಹುಮಟ್ಟಿಗೆ ಮೇಲ್ಪದರದಲ್ಲೇ ಇರುತ್ತದೆ.

ಮೊದಲು ಸಿಲಿಂಡರಿನಿಂದ ಬೇರ್ಪಡಿಸಿ, ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಹಿತ್ತಾಳೆಯ ಮೂತಿಯನ್ನು, ಅಂದರೆ ಜೆಟ್ಟನ್ನು, ಬಿಚ್ಚಿಡಬೇಕು. ಬಳಿಕ ಬರ್ನರನ್ನು ಹಗ್ಗದಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಗಟ್ಟಿಯಾಗಿದೆ. ಒಡಕು ಮಡಕೆಯ ಸದ್ದು ಬಂದರೆ ಬಿರುಕಿರುವ ಸಾಧ್ಯತೆ ಹೆಚ್ಚು. ಬಿರುಕು ಬಿಟ್ಟದ್ದನ್ನು ಬಳಸಲೇಬಾರದು.

ತಂತಿಯ ಬ್ರಷ್ಷಿನಿಂದ ಒಣಗಿದಂತೆಯೇ ಉಜ್ಜಿ, ಉರಿ ಬರುವ ತೂತುಗಳನ್ನು ಅಗಲವಾಗದಂತೆ ಒಂದೊಂದಾಗಿ ಬಿಡಿಸಬೇಕು. ಗಾಳಿ ಬೆರೆಯುವ ಕೊಳವೆಯೊಳಗೆ ಬಾಟಲಿ ತೊಳೆಯುವ ಬ್ರಷ್ ಆಡಿಸುವುದನ್ನು ಮರೆಯಬಾರದು. ಕಳೆದ ವರ್ಷ ನಮ್ಮ ಬರ್ನರಿನ ಉರಿ ಹಿಂದಕ್ಕೆ ಬಂದು ಗಾಳಿಯ ಬಾಯಲ್ಲೇ ಉರಿಯತೊಡಗಿತ್ತು. ಬಿಚ್ಚಿ ನೋಡಿದರೆ ಕೊಳವೆಯಲ್ಲಿ ಬೆರಳುದ್ದದ ಕಣಜದ ಮಣ್ಣುಗೂಡು. ಜೆಟ್ಟಿಗೆ ಮಾತ್ರ ಸೂಜಿ ಹಾಕಬಾರದು, ಏಕೆಂದರೆ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸಿನ ಹರಿವು ಹೆಚ್ಚುತ್ತದೆ; ಸೀಮೆಎಣ್ಣೆಯಲ್ಲಿ ನೆನೆಸಿ, ಗಾಳಿ ಊದಿ, ಒಣಗಿಸಿ, ಬೆಳಕಿಗೆ ಹಿಡಿದು ನೋಡಿದರೆ ಸಾಕು.

ಉಳಿದ ತುಕ್ಕಿಗೆ ವಿನಿಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಅರ್ಧ ಗಂಟೆ ನೆನೆಸಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಬೇಕು. ಒದ್ದೆಯಾಗಿ ಬಿಟ್ಟರೆ ನೋಡುತ್ತಿರುವಂತೆಯೇ ಮತ್ತೆ ಕೆಂಪಗಾಗುತ್ತದೆ.

ಇನ್ನು ಲೇಪ. ವಿಜಯಪುರದ ಕಡೆಯ ಕುಸುಬೆ ಎಣ್ಣೆ ಅಥವಾ ಅಗಸೆ ಎಣ್ಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇವು ಕಾದಾಗ ಗಟ್ಟಿಯಾದ ಪದರವಾಗುತ್ತವೆ, ಶೇಂಗಾ ಎಣ್ಣೆ ಅಷ್ಟು ಚೆನ್ನಾಗಿ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತದೆ. ತೆಳುವಾಗಿ ಸವರಿ, ಪೂರ್ತಿ ಒರೆಸಿ ತೆಗೆದಂತೆ ಕಾಣುವವರೆಗೆ ಬಟ್ಟೆಯಿಂದ ಒರೆಸಿ, ಬಯಲಿನಲ್ಲಿ ಕೆಂಡದ ಮೇಲೆ ಹೊಗೆ ನಿಲ್ಲುವವರೆಗೆ ನಿಧಾನವಾಗಿ ಕಾಯಿಸಿ, ತಾನಾಗಿ ಆರಲು ಬಿಡಬೇಕು. ಹೀಗೆ ಮೂರು ಸಲ ಮಾಡಿದರೆ ಕಪ್ಪು ಹೊಳಪು ಬರುತ್ತದೆ. ಉರಿ ತಾಗುವ ಕಡೆ ಈ ಪದರ ಸುಟ್ಟುಹೋಗುವುದು ಸಹಜ. ಅಲ್ಲಿ ಬಣ್ಣ ಬಳಿಯುವುದು ತಪ್ಪು. ಶಾಖ ತಡೆಯುವ ಬಣ್ಣವನ್ನು ಕಾಲುಗಳಿಗಷ್ಟೇ ಬಳಿಯಬಹುದು.

ಜೋಡಿಸಿದ ಮೇಲೆ, ಹೊತ್ತಿಸುವ ಮೊದಲು, ಪ್ರತಿ ಜೋಡಣೆಗೂ ಸಾಬೂನಿನ ನೀರು ಹಚ್ಚಿ ಗ್ಯಾಸ್ ಬಿಟ್ಟು ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಉರಿ ನೀಲಿಯಾಗಿರಬೇಕು, ಹಳದಿಯಾದರೆ ಗಾಳಿಯ ಬಾಯಿಯನ್ನು ಸ್ವಲ್ಪ ತೆರೆಯಬೇಕು. ಸಾರು ಉಕ್ಕಿ ಚೆಲ್ಲಿದರೂ ಬಿಸಿ ಬರ್ನರಿಗೆ ತಣ್ಣೀರು ಸುರಿಯಬಾರದು, ಬೀಡು ಸೀಳುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಮತ್ತೊಮ್ಮೆ ಎಣ್ಣೆ ಒರೆಸಿ, ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ತೇವ ಹಿಡಿದಿಡುವ ಪ್ಲಾಸ್ಟಿಕ್ಕಿನ ಬದಲು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಬೇಕು.